ಪಿನ್‌ಕೋಡ್ ಒಡೆದು ನೋಡೋಣ: ಕೊಡಗಿನ ಆರಂಕಿ ಸಂಖ್ಯೆಗಳನ್ನು ಬಿಡಿಸುವ ಬಗೆ

ಪಾರ್ಸೆಲ್ ಮೇಲೆ, ಬ್ಯಾಂಕ್ ಫಾರ್ಮಿನಲ್ಲಿ, ಮದುವೆ ಕರೆಯೋಲೆಯಲ್ಲಿ ಮಡಿಕೇರಿಯವರು 571201 ಎಂದು ಬರೆಯುತ್ತಲೇ ಇರುತ್ತಾರೆ. ವಿರಾಜಪೇಟೆಯವರು 571218, ಕುಶಾಲನಗರದವರು 571234. ಕೈ ತಾನಾಗಿ ಬರೆದು ಮುಗಿಸುತ್ತದೆ, ಕಣ್ಣು ಆ ಕಡೆ ಹೋಗುವುದೇ ಇಲ್ಲ. ಆದರೆ ಇವೆಲ್ಲ ಐದು ಲಕ್ಷ ದಾಟಿದ ದೊಡ್ಡ ಸಂಖ್ಯೆಗಳು. ಒಂದೊಂದಕ್ಕೂ ತನ್ನದೇ ಸ್ವಭಾವ ಇದೆ. ಒಂದು, ಯಾವುದರಿಂದ ಭಾಗಿಸಿದರೂ ಜಗ್ಗುವುದಿಲ್ಲ. ಇನ್ನೊಂದು ಕೈ ಹಾಕಿದ ಕೂಡಲೇ ನಾಲ್ಕು ಚೂರಾಗುತ್ತದೆ. ಮತ್ತೊಂದು ಕೊನೆವರೆಗೂ ಸತಾಯಿಸಿ, ಒಂದು ಉಪಾಯಕ್ಕೆ ಮಾತ್ರ ಥಟ್ಟನೆ ಬಾಗಿಲು ತೆರೆಯುತ್ತದೆ.

ಇದನ್ನೆಲ್ಲ ಕಂಡುಕೊಳ್ಳಲು ಎಂಟನೇ ಕ್ಲಾಸಿನ ಗಣಿತ ಸಾಕು. ಒಂದು ನೋಟ್‌ಬುಕ್, ಪೆನ್ನು, ಬೇಕಿದ್ದರೆ ಸಾಧಾರಣ ಕ್ಯಾಲ್ಕುಲೇಟರ್. ಆಟಿ ತಿಂಗಳ ಮಳೆಯಲ್ಲಿ ಕರೆಂಟ್ ಹೋಗಿ ಮೊಬೈಲ್ ಚಾರ್ಜೂ ಮುಗಿದ ಸಂಜೆಗೆ ಇದಕ್ಕಿಂತ ಒಳ್ಳೆ ಕೆಲಸ ನನಗೆ ಗೊತ್ತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಶುರು ಮಾಡುವ ಮೊದಲು ಪಿನ್‌ಕೋಡ್ ಬಗ್ಗೆ ಎರಡು ಮಾತು. ಇದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಮೊದಲ ಅಂಕಿ ವಲಯವನ್ನು ಹೇಳುತ್ತದೆ, ನಮ್ಮದು 5. ಮೊದಲ ಮೂರು ಅಂಕಿ 571 ನಮಗೆ ಮಾತ್ರ ಸೇರಿದ್ದಲ್ಲ, ಮಂಡ್ಯ, ಚಾಮರಾಜನಗರದ ಕಡೆಯೂ ಅದೇ. ಕೊನೆಯ ಮೂರು ಅಂಚೆ ಕಚೇರಿಯದು. ಈ ಲೇಖನದಲ್ಲಿ ಬರುವ ಕೊಡಗಿನ ಊರುಗಳೆಲ್ಲ 5712ರಿಂದ ಶುರುವಾಗುತ್ತವೆ. ಬದಲಾಗುವುದು ಕೊನೆಯ ಎರಡು ಅಂಕಿ ಮಾತ್ರ. ಈ ಒಂದು ಸಂಗತಿ ನಮ್ಮ ಕೆಲಸವನ್ನು ಎಷ್ಟು ಹಗುರ ಮಾಡುತ್ತದೆ ಅಂತ ಮುಂದೆ ನೋಡುತ್ತೀರಿ.

ಹೆಜ್ಜೆ 1: ಎಲ್ಲಿವರೆಗೆ ಹುಡುಕಬೇಕು?

ಯಾವುದೇ ದೊಡ್ಡ ಸಂಖ್ಯೆ ಕೈಗೆ ಸಿಕ್ಕರೆ ಮೊದಲು ಅದರ ವರ್ಗಮೂಲ ಅಂದಾಜು ಮಾಡಿ. 755ರ ವರ್ಗ 570025. 756ರ ವರ್ಗ 571536. ಕೊಡಗಿನ ಪಿನ್‌ಕೋಡ್‌ಗಳು 571200ರಿಂದ 571299ರ ಒಳಗೆ ಬರುತ್ತವೆ, ಅಂದರೆ ಈ ಎರಡು ವರ್ಗಗಳ ನಡುವೆ. ಹಾಗಾಗಿ ಒಂದು ಉತ್ತರ ಈಗಲೇ ಸಿಕ್ಕಿತು: ಇವುಗಳಲ್ಲಿ ಯಾವುದೂ ಪೂರ್ಣ ವರ್ಗ ಅಲ್ಲ. ಘನವೂ ಅಲ್ಲ, ಯಾಕೆಂದರೆ 82ರ ಘನ 551368, 83ರ ಘನ 571787.

ವರ್ಗಮೂಲ ಯಾಕೆ ಮುಖ್ಯ? ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಎರಡೂ 756 ಅಥವಾ ಅದಕ್ಕಿಂತ ಜಾಸ್ತಿ ಆದರೆ ಗುಣಲಬ್ಧ 571536 ಅಥವಾ ಅದಕ್ಕಿಂತ ಜಾಸ್ತಿ ಆಗುತ್ತದೆ, ಅಲ್ವಾ? ಹಾಗಾಗಿ ಭಾಜಕ ಇದ್ದರೆ ಒಂದಾದರೂ 755ರ ಒಳಗೆ ಇರಲೇಬೇಕು. ಅದರಲ್ಲೂ ಅವಿಭಾಜ್ಯ ಸಂಖ್ಯೆಗಳಿಂದ, ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಗಳಿಂದ, ಭಾಗಿಸಿ ನೋಡಿದರೆ ಸಾಕು. 6ರಿಂದ ಭಾಗವಾಗುವುದು 2ರಿಂದ ಹೇಗೂ ಆಗುತ್ತದೆ. 755ರ ಒಳಗೆ ಅವಿಭಾಜ್ಯ ಸಂಖ್ಯೆಗಳು 133 ಇವೆ. ಐದು ಲಕ್ಷ ಎಂದು ಹೆದರಿಸಿದ ಕೆಲಸ 133 ಭಾಗಾಕಾರಕ್ಕೆ ಇಳಿಯಿತು.

ಆ 133 ಸಂಖ್ಯೆಗಳ ಪಟ್ಟಿ ಬೇಕಲ್ಲ. ಅದಕ್ಕೆ ಎರಟಾಸ್ತನೀಸನ ಜರಡಿ ಇದೆ. ಕ್ರಿಸ್ತಪೂರ್ವ 3ನೇ ಶತಮಾನದ ಈ ಗ್ರೀಕ್ ವಿದ್ವಾಂಸನ ವಿಧಾನ ಇವತ್ತಿಗೂ ಶಾಲೆಯಲ್ಲಿ ಹೇಳಿಕೊಡುತ್ತಾರೆ. 2ರಿಂದ 755ರವರೆಗೆ ಬರೆಯಿರಿ. 2 ಬಿಟ್ಟು ಅದರ ಗುಣಕಗಳನ್ನೆಲ್ಲ ಹೊಡೆದುಹಾಕಿ. ಆಮೇಲೆ 3 ಬಿಟ್ಟು ಅದರ ಗುಣಕಗಳು, ಹೀಗೆ 23ರವರೆಗೆ ಹೋದರೆ ಸಾಕು. ಮುಂದಿನ ಅವಿಭಾಜ್ಯ 29, ಅದರ ವರ್ಗ 841; ಅದು ನಮ್ಮ ಪಟ್ಟಿಯ ಆಚೆ. ಹೊಡೆಯದೆ ಉಳಿದವೇ ಅವಿಭಾಜ್ಯಗಳು. ಎಣಿಸಿದಾಗ 133 ಬಂದರೆ ಪಟ್ಟಿ ಸರಿ ಇದೆ.

ಹೆಜ್ಜೆ 2: ಪಕ್ಕದ ದುಂಡು ಸಂಖ್ಯೆಯನ್ನು ಒಡೆಯಿರಿ

ಇದು ನನಗೆ ತುಂಬ ಇಷ್ಟವಾದ ಭಾಗ. ಮಡಿಕೇರಿಯನ್ನು ನೇರವಾಗಿ ಮುಟ್ಟಬೇಡಿ. ಅದರ ಹಿಂದಿನ 571200 ತೆಗೆದುಕೊಳ್ಳಿ. ಎರಡು ಸೊನ್ನೆ ಇದೆ, ಅಂದರೆ 5712 × 100.

5712ನ್ನು ಅರ್ಧ ಮಾಡುತ್ತ ಹೋಗಿ: 2856, 1428, 714, 357. ನಾಲ್ಕು ಸಲ ಆಯಿತು. 357ರ ಅಂಕಿಗಳ ಮೊತ್ತ 15, ಹಾಗಾಗಿ 3ರಿಂದ ಭಾಗವಾಗುತ್ತದೆ: 119. ಅದು 7 × 17. ಇನ್ನು 100 ಎಂದರೆ 2 × 2 × 5 × 5. ಎಲ್ಲ ಕೂಡಿಸಿದರೆ:

571200 = 2⁶ × 3 × 5² × 7 × 17

ಒಂದೇ ಸಂಖ್ಯೆಯಲ್ಲಿ 2, 3, 5, 7, 17 ಎಲ್ಲ ಸೇರಿಕೊಂಡಿವೆ. ಇದರ ಉಪಯೋಗ ಏನು? ಕೊಡಗಿನ ಪಿನ್‌ಕೋಡ್ ಈ ಐದರಲ್ಲಿ ಯಾವುದರಿಂದ ಭಾಗವಾಗುತ್ತದೆ ಎನ್ನುವುದು ಕೊನೆಯ ಎರಡು ಅಂಕಿಯಲ್ಲೇ ಇದೆ. ಉಳಿದ ನಾಲ್ಕು ಅಂಕಿ ನೋಡುವುದೇ ಬೇಡ. ಸಾಮಾನ್ಯವಾಗಿ 7ಕ್ಕೆ ಮತ್ತು 17ಕ್ಕೆ ಸುಲಭದ ಪರೀಕ್ಷೆ ಇಲ್ಲ ಎಂದು ಮಕ್ಕಳು ಒದ್ದಾಡುತ್ತಾರೆ. ನಮ್ಮ ಜಿಲ್ಲೆಯ ಸಂಖ್ಯೆಗಳಿಗೆ ಆ ಕಷ್ಟವೇ ಇಲ್ಲ.

ನಾಪೋಕ್ಲು 571214. ಕೊನೆಯಲ್ಲಿ 14, ಅಂದರೆ 2 × 7. ಹಾಗಾದರೆ ಇಡೀ ಸಂಖ್ಯೆ 14ರಿಂದ ಭಾಗವಾಗುತ್ತದೆ: 14 × 40801.

ಕುಶಾಲನಗರ 571234. ಕೊನೆಯಲ್ಲಿ 34, ಅಂದರೆ 2 × 17. ಭಾಗಿಸಿದರೆ 34 × 16801.

ಸೋಮವಾರಪೇಟೆ 571236. 36ರಲ್ಲಿ 4 ಇದೆ, 3 ಇದೆ. 12 × 47603. 36 ಇದೆ ಎಂದು 9ರಿಂದಲೂ ಭಾಗವಾಗುತ್ತದೆ ಅಂದುಕೊಳ್ಳಬೇಡಿ. 571200ರಲ್ಲಿ 3 ಒಂದೇ ಸಲ ಇರುವುದು, ಹಾಗಾಗಿ 9ಕ್ಕೆ ಈ ಉಪಾಯ ನಡೆಯುವುದಿಲ್ಲ. ಅಂಕಿಗಳ ಮೊತ್ತ 24, 9ರಿಂದ ಆಗಲ್ಲ.

ವಿರಾಜಪೇಟೆ 571218 ಕೂಡ ಹೀಗೆಯೇ: 6 × 95203. ಪೊನ್ನಂಪೇಟೆ 571216, ಕೊನೆಯಲ್ಲಿ 16. 571200ರಲ್ಲಿ 2 ಆರು ಸಲ ಇರುವುದರಿಂದ 16ಕ್ಕೂ ಈ ಉಪಾಯ ಒಗ್ಗುತ್ತದೆ: 16 × 35701.

ಮಡಿಕೇರಿಗೆ ಬಂದರೆ ಕೊನೆಯಲ್ಲಿ 01. ಯಾವುದಕ್ಕೂ ಸಿಗುವುದಿಲ್ಲ. 2ರಿಂದ ಭಾಗಿಸಿ, 3ರಿಂದ, 5, 7, 17ರಿಂದ ಭಾಗಿಸಿ, ಪ್ರತಿ ಸಲವೂ ಶೇಷ 1.

ಹೆಜ್ಜೆ 3: ಇಡೀ ಜಿಲ್ಲೆಗೆ ಒಂದೇ ಶೇಷದ ಪಟ್ಟಿ

ಉಳಿದ ಅವಿಭಾಜ್ಯಗಳಿಗೆ ಏನು ಮಾಡುವುದು? ಪ್ರತಿ ಊರಿಗೂ ಬೇರೆ ಬೇರೆ ಭಾಗಾಕಾರ ಮಾಡುತ್ತ ಕೂತರೆ ವಾರ ಹಿಡಿಯುತ್ತದೆ. ಅದರ ಬದಲು 571200ನ್ನೇ ಒಂದೊಂದು ಅವಿಭಾಜ್ಯದಿಂದ ಭಾಗಿಸಿ ಶೇಷ ಬರೆದಿಡಿ. ಆಮೇಲೆ ಯಾವ ಊರು ಬಂದರೂ ಕೂಡುವುದಷ್ಟೇ ಕೆಲಸ.

29ನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 29 × 19600 = 568400. ಉಳಿದದ್ದು 2800. 29 × 96 = 2784. ಶೇಷ 16. ನೋಟ್‌ಬುಕ್ಕಿನಲ್ಲಿ ‘29ಕ್ಕೆ 16’ ಎಂದು ಬರೆದುಕೊಳ್ಳಿ. ಈಗ ಗೋಣಿಕೊಪ್ಪ, 571213. ಕೊನೆಯ ಎರಡು ಅಂಕಿ 13. 16 ಮತ್ತು 13 ಕೂಡಿದರೆ 29! ಸರಿಯಾಗಿ ಭಾಗವಾಯಿತು. 571213 = 29 × 19697.

ಪಟ್ಟಿಯ ಆರಂಭ ಹೀಗಿರುತ್ತದೆ: 11ಕ್ಕೆ 3, 13ಕ್ಕೆ 6, 19ಕ್ಕೆ 3, 23ಕ್ಕೆ 18, 29ಕ್ಕೆ 16, 31ಕ್ಕೆ 25, 37ಕ್ಕೆ 31, 41ಕ್ಕೆ 29, 43ಕ್ಕೆ 31, 47ಕ್ಕೆ 9, 53ಕ್ಕೆ 19.

ಪೊನ್ನಂಪೇಟೆ ನೋಡಿ: 16ಕ್ಕೆ 3 ಕೂಡಿದರೆ 19. ಹಾಗಾಗಿ 19ರಿಂದ ಭಾಗವಾಗುತ್ತದೆ. ಕುಶಾಲನಗರ: 34ಕ್ಕೆ 19 ಕೂಡಿದರೆ 53. ಅದೂ ಸಿಕ್ಕಿತು.

ಪಟ್ಟಿ ನೂರು ದಾಟಿದ ಮೇಲೆ ಕೆಲಸ ಇನ್ನೂ ಸುಲಭ. ನೂರಕ್ಕಿಂತ ದೊಡ್ಡ ಅವಿಭಾಜ್ಯ ನಮ್ಮ ನೂರು ಸಂಖ್ಯೆಗಳಲ್ಲಿ ಹೆಚ್ಚೆಂದರೆ ಒಂದನ್ನು ಭಾಗಿಸಬಹುದು. 181ಕ್ಕೆ ಶೇಷ 145. 181ರಲ್ಲಿ 145 ಕಳೆದರೆ 36. ಅಂದರೆ 181 ಭಾಗಿಸುವುದು 571236 ಒಂದನ್ನೇ, ಸೋಮವಾರಪೇಟೆಯನ್ನು. ಕಳೆದಾಗ 99ಕ್ಕಿಂತ ಜಾಸ್ತಿ ಬಂದರೆ ಆ ಅವಿಭಾಜ್ಯಕ್ಕೆ ನಮ್ಮ ಸಾಲಿನಲ್ಲಿ ಯಾರೂ ಇಲ್ಲ, ಅಡ್ಡಗೆರೆ ಎಳೆದು ಮುಂದೆ ಹೋಗಿ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಮಾಡಿಕೊಳ್ಳಿ: ಅವಿಭಾಜ್ಯ, ಭಾಗಲಬ್ಧ, ಶೇಷ, ಸಿಕ್ಕ ಊರು. ಭಾಗಲಬ್ಧ ಬರೆಯುವುದನ್ನು ಬಿಡಬೇಡಿ. ಅನುಮಾನ ಬಂದಾಗ ಗುಣಿಸಿ ತಾಳೆ ನೋಡಲು ಅದೇ ಬೇಕು.

ಹೆಜ್ಜೆ 4: ಸಿಕ್ಕಿದ್ದನ್ನು ತೆಗೆದು, ಉಳಿದದ್ದನ್ನು ಮತ್ತೆ ಒಡೆಯಿರಿ

ಒಂದು ಭಾಜಕ ಸಿಕ್ಕ ಕೂಡಲೇ ಸಂಖ್ಯೆ ಚಿಕ್ಕದಾಗುತ್ತದೆ, ಮಿತಿಯೂ ಕೆಳಗಿಳಿಯುತ್ತದೆ. ಕುಶಾಲನಗರದಲ್ಲಿ 34 ತೆಗೆದ ಮೇಲೆ ಉಳಿದದ್ದು 16801. ಇದರ ವರ್ಗಮೂಲ 129 ದಾಟಿ ಸ್ವಲ್ಪ. ಇನ್ನು 755ರವರೆಗೆ ಯಾಕೆ ಹೋಗಬೇಕು? 53 ಸಿಕ್ಕಿದೆಯಲ್ಲ, 16801 = 53 × 317. 317ರ ವರ್ಗಮೂಲ 18ಕ್ಕೂ ಕಡಿಮೆ. 17ರವರೆಗೆ ಭಾಗಿಸಿ ನೋಡಿದರೆ ಯಾವುದರಿಂದಲೂ ಆಗುವುದಿಲ್ಲ. ಅಲ್ಲಿಗೆ ಮುಗಿಯಿತು.

ಹೀಗೆ ಒಡೆದಾಗ ಬರುವ ಉತ್ತರಗಳು:

ಕುಶಾಲನಗರ 571234 = 2 × 17 × 53 × 317
ಸೋಮವಾರಪೇಟೆ 571236 = 2² × 3 × 181 × 263
ಪೊನ್ನಂಪೇಟೆ 571216 = 2⁴ × 19 × 1879
ನಾಪೋಕ್ಲು 571214 = 2 × 7 × 40801
ವಿರಾಜಪೇಟೆ 571218 = 2 × 3 × 95203
ಗೋಣಿಕೊಪ್ಪ 571213 = 29 × 19697

ಕೊನೆಯ ಮೂರರಲ್ಲಿ ಉಳಿದಿರುವ 40801, 95203, 19697 ಮೂರೂ ಅವಿಭಾಜ್ಯ. ನಂಬಬೇಡಿ, ಭಾಗಿಸಿ ನೋಡಿ. 95203ಕ್ಕೆ 307ರವರೆಗೆ ಹೋಗಬೇಕು, ಸ್ವಲ್ಪ ತಾಳ್ಮೆ ಬೇಕು.

ಹೆಜ್ಜೆ 5: ಭಾಜಕಗಳನ್ನು ಎಣಿಸಿ, ಕೂಡಿ

ಅಪವರ್ತನ ಕೈಯಲ್ಲಿದ್ದರೆ ಭಾಜಕಗಳ ಸಂಖ್ಯೆ ತಾನಾಗಿ ಬರುತ್ತದೆ. ಪ್ರತಿ ಅವಿಭಾಜ್ಯದ ಘಾತಕ್ಕೆ ಒಂದು ಕೂಡಿಸಿ, ಎಲ್ಲವನ್ನೂ ಗುಣಿಸಿ. ಸೋಮವಾರಪೇಟೆಯಲ್ಲಿ 2ರ ಘಾತ 2, ಉಳಿದ ಮೂರರ ಘಾತ 1. ಹಾಗಾಗಿ 3 × 2 × 2 × 2 = 24 ಭಾಜಕಗಳು. ಕುಶಾಲನಗರಕ್ಕೆ 16, ಪೊನ್ನಂಪೇಟೆಗೆ 20.

ಈಗ 571200ಕ್ಕೆ ಇದೇ ಲೆಕ್ಕ ಹಾಕಿ: 7 × 2 × 3 × 2 × 2 = 168. ಅದರ ಪಕ್ಕದ ಮಡಿಕೇರಿಗೆ ಎಷ್ಟು ಅಂತ ಇನ್ನೆರಡು ಹೆಜ್ಜೆಯಲ್ಲಿ ಗೊತ್ತಾಗುತ್ತದೆ. ಒಂದೇ ಒಂದು ದಾಟಿದ್ದಕ್ಕೆ ಇಷ್ಟು ವ್ಯತ್ಯಾಸ ಬರುತ್ತದೆ ಎನ್ನುವುದು ನನಗೆ ಈಗಲೂ ಬೆರಗು.

ಭಾಜಕಗಳ ಮೊತ್ತಕ್ಕೂ ಸೂತ್ರ ಇದೆ. ಘಾತ 1 ಇರುವ ಅವಿಭಾಜ್ಯಕ್ಕೆ ಒಂದು ಕೂಡಿಸಿ, 2²ಕ್ಕೆ 1 + 2 + 4 = 7 ಎಂದು ಹಿಡಿಯಿರಿ, ಎಲ್ಲ ಗುಣಿಸಿ. ಸೋಮವಾರಪೇಟೆಗೆ 7 × 4 × 182 × 264 = 1345344. ಇದರಲ್ಲಿ ಆ ಸಂಖ್ಯೆಯನ್ನೇ ಕಳೆದರೆ 774108. ಸಂಖ್ಯೆಗಿಂತ ಅದರ ಉಳಿದ ಭಾಜಕಗಳ ಮೊತ್ತವೇ ದೊಡ್ಡದು! ಇಂಥದ್ದನ್ನು ಸಮೃದ್ಧ ಸಂಖ್ಯೆ ಎನ್ನುತ್ತಾರೆ. ಕುಶಾಲನಗರಕ್ಕೆ ಹೀಗೆ ಮಾಡಿದರೆ 356054 ಬರುತ್ತದೆ, ಸಂಖ್ಯೆಗಿಂತ ಕಡಿಮೆ. ಸರಿಸಮ ಬಂದರೆ ಪರಿಪೂರ್ಣ ಸಂಖ್ಯೆ, 6 ಮತ್ತು 28ರ ಹಾಗೆ.

ಹೆಜ್ಜೆ 6: ಸಿಗದ ಸಂಖ್ಯೆಗೆ ವರ್ಗಗಳ ಉಪಾಯ, ಭಾಗಮಂಡಲ

ಭಾಗಮಂಡಲ 571247. ಕೊನೆಯ ಎರಡು ಅಂಕಿ 47. 2, 3, 5, 7, 17 ಯಾವುದೂ ಇಲ್ಲ. ಶೇಷದ ಪಟ್ಟಿ ಹಿಡಿದು 11, 13, 19 ಅಂತ ಹೋಗಿ, ಸಿಗುವುದಿಲ್ಲ. ನೂರು ದಾಟುತ್ತದೆ, ಇನ್ನೂರು, ಐನೂರು ದಾಟುತ್ತದೆ. ಏನೂ ಇಲ್ಲ. ಇದು ಅವಿಭಾಜ್ಯವೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಆರುನೂರರ ಹತ್ತಿರ ಪೆನ್ನು ಕೆಳಗಿಟ್ಟು, “ಆಂಟಿ, ಇದು ಒಡೆಯಲ್ಲ, ಬಿಡಿ” ಅಂದಳು. ನಾನು ಹೇಳಿದೆ, “ಭಾಗಿಸೋದು ನಿಲ್ಲಿಸು ಪುಟ್ಟಿ. 756ರ ವರ್ಗದಿಂದ ಇದನ್ನ ಕಳಿ.”

ಕಳೆಯಿರಿ. 571536 − 571247 = 289.

289 ಅಂದರೆ 17ರ ವರ್ಗ! ಅವಳು ನನ್ನ ಮುಖ ನೋಡಿದಳು, ಮತ್ತೆ ನೋಟ್‌ಬುಕ್ ನೋಡಿದಳು. ಮುಂದಿನದ್ದು ನಾನು ಹೇಳಬೇಕಾಗಲಿಲ್ಲ. ಎರಡು ವರ್ಗಗಳ ವ್ಯತ್ಯಾಸ ಎಂದರೆ ಮೊತ್ತ ಗುಣಿಸು ವ್ಯತ್ಯಾಸ, ಶಾಲೆಯಲ್ಲಿ ಕಲಿತದ್ದೇ.

571247 = 756² − 17² = (756 − 17) × (756 + 17) = 739 × 773

739 ನಮ್ಮ ಪಟ್ಟಿಯಲ್ಲಿ 131ನೇ ಅವಿಭಾಜ್ಯ. ಭಾಗಿಸುತ್ತಲೇ ಹೋಗಿದ್ದರೆ 131ನೇ ಸಲಕ್ಕೆ ಸಿಗುತ್ತಿತ್ತು. ಒಂದು ಕಳೆಯುವ ಲೆಕ್ಕದಲ್ಲಿ ಸಿಕ್ಕಿಬಿಟ್ಟಿತು. 773 ಕೂಡ ಅವಿಭಾಜ್ಯ. ಕಾವೇರಿಗೆ ಕನ್ನಿಕೆ, ಸುಜ್ಯೋತಿ ಸೇರುವ ಊರಿನ ಸಂಖ್ಯೆ ಎರಡೇ ಎರಡು ಅವಿಭಾಜ್ಯಗಳು ಕೂಡಿ ಆದದ್ದು, ಅವೂ ಹತ್ತಿರ ಹತ್ತಿರದವು.

ಈ ವಿಧಾನ ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ಅವರದ್ದು. 1643ರ ಸುಮಾರಿಗೆ ಅವರು 2027651281 ಎಂಬ ಹತ್ತಂಕಿ ಸಂಖ್ಯೆಯನ್ನು ಇದೇ ದಾರಿಯಲ್ಲಿ 44021 × 46061 ಎಂದು ಒಡೆದು ತೋರಿಸಿದರು. ವರ್ಗಮೂಲದ ಮೇಲಿನ ಸಂಖ್ಯೆಯಿಂದ ಶುರು ಮಾಡಿ, ಒಂದೊಂದೇ ಏರಿಸುತ್ತ, ಕಳೆದಾಗ ಪೂರ್ಣ ವರ್ಗ ಬರುತ್ತದೆಯೇ ಎಂದು ನೋಡುವುದು. ಅವರಿಗೆ 12ನೇ ಸಲಕ್ಕೆ ಸಿಕ್ಕಿತು.

ಆದರೆ ಎಲ್ಲ ಸಂಖ್ಯೆಗೂ ಇದನ್ನು ಹಿಡಿದು ಕೂರಬೇಡಿ. ಎರಡು ಅಪವರ್ತನಗಳು ಹತ್ತಿರ ಇದ್ದರೆ ಮಾತ್ರ ಇದು ಬೇಗ ಕೊಡುತ್ತದೆ. ಗೋಣಿಕೊಪ್ಪದ 29 ಮತ್ತು 19697 ಎಷ್ಟು ದೂರ ನೋಡಿ. ಅವುಗಳ ನಡುವಿನ ಸಂಖ್ಯೆ 9863. 756ರಿಂದ ಅಲ್ಲಿಗೆ ಮುಟ್ಟಲು 9108 ಸಲ ಕಳೆಯಬೇಕು. ಭಾಗಿಸಿದರೆ ಹತ್ತನೇ ಅವಿಭಾಜ್ಯಕ್ಕೇ ಸಿಗುತ್ತದೆ. ಹಾಗಾಗಿ ನನ್ನ ಸಲಹೆ: ಮೊದಲು ಚಿಕ್ಕ ಅವಿಭಾಜ್ಯಗಳಿಂದ ಭಾಗಿಸಿ, ಐವತ್ತರವರೆಗೆ ಸಿಗದಿದ್ದರೆ ಐದಾರು ಸಲ ವರ್ಗದ ಉಪಾಯ ಮಾಡಿ, ಆಮೇಲೆ ಮತ್ತೆ ಭಾಗಾಕಾರಕ್ಕೆ ಬನ್ನಿ.

ಹೆಜ್ಜೆ 7: ಮಡಿಕೇರಿ

ಈಗ 571201. ಮೊದಲು ವರ್ಗದ ಉಪಾಯವನ್ನೇ ಮಾಡೋಣ.

756² − 571201 = 335. ವರ್ಗ ಅಲ್ಲ.
757² − 571201 = 1848. 43ರ ವರ್ಗ 1849. ಒಂದರಲ್ಲಿ ತಪ್ಪಿತು.
758² − 571201 = 3363. 58ರ ವರ್ಗ 3364. ಮತ್ತೆ ಒಂದರಲ್ಲೇ ತಪ್ಪಿತು!

ಎರಡು ಸಲ ಹೀಗಾದರೆ ಸುಮ್ನೆ ಬಿಡಬಾರದು, ಯಾಕೆ ಅಂತ ಕೇಳಬೇಕು. ಕಾರಣ ಆ ಪಕ್ಕದ 571200. ಅದು 714 × 800 ಕೂಡ ಹೌದು, 700 × 816 ಕೂಡ ಹೌದು. 714 ಮತ್ತು 800ರ ನಡುವೆ 757, 700 ಮತ್ತು 816ರ ನಡುವೆ 758. ವರ್ಗ ಬರಬೇಕಾದದ್ದು 571200ಕ್ಕೆ. ನಾವು ಒಂದು ಮುಂದೆ ನಿಂತು ನೋಡುತ್ತಿದ್ದೇವೆ, ಹಾಗಾಗಿ ಒಂದು ಕಡಿಮೆ ಕಾಣುತ್ತಿದೆ.

ಇನ್ನು ಉಳಿದದ್ದು ಭಾಗಾಕಾರ. 571200ರ ಶೇಷದ ಪಟ್ಟಿ ಸಿದ್ಧ ಇದ್ದರೆ ಪ್ರತಿ ಶೇಷಕ್ಕೂ 1 ಕೂಡಿಸಿ, ಅವಿಭಾಜ್ಯಕ್ಕೆ ಸಮ ಬರುತ್ತದೆಯೇ ನೋಡಿ. 89ರ ಹತ್ತಿರ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ, 87ಕ್ಕೆ 1 ಕೂಡಿದರೆ 88. ಇಲ್ಲ. 1 ಕೂಡಿದ ಮೇಲೆ 239ರಲ್ಲಿ 230, 263ರಲ್ಲಿ 228. ಇಲ್ಲ. 571ರಲ್ಲಿ 201 ಎಂದು ಕಣ್ಣಿಗೇ ಕಾಣುತ್ತದೆ. ಕೊನೆಯದು 751, ಶೇಷ 441. ಅದೂ ಇಲ್ಲ.

133 ಅವಿಭಾಜ್ಯಗಳಲ್ಲಿ ಒಂದೂ ಭಾಗಿಸಲಿಲ್ಲ. ಅಂದರೆ 571201 ಅವಿಭಾಜ್ಯ ಸಂಖ್ಯೆ. ಅದಕ್ಕೆ ಎರಡೇ ಭಾಜಕ, 1 ಮತ್ತು ಅದೇ. ನಾನು ಇಲ್ಲಿ ಒಡೆದು ತೋರಿಸಿದ ಎಂಟು ಊರುಗಳಲ್ಲಿ ಈ ಗುಣ ಇರುವುದು ಜಿಲ್ಲಾ ಕೇಂದ್ರಕ್ಕೆ ಮಾತ್ರ.

ಈ ಹೆಜ್ಜೆಯನ್ನು ಒಬ್ಬರೇ ಮಾಡಬೇಡಿ. ನಾಲ್ಕು ಜನ ಹಂಚಿಕೊಳ್ಳಿ, ಒಬ್ಬೊಬ್ಬರಿಗೆ ಮೂವತ್ತಮೂರು ಭಾಗಾಕಾರ ಬರುತ್ತದೆ. ಮುಗಿದ ಮೇಲೆ ನೋಟ್‌ಬುಕ್ ಅದಲುಬದಲು ಮಾಡಿ ತಾಳೆ ನೋಡಿ. ಒಂದು ಭಾಗಾಕಾರ ತಪ್ಪಿದರೂ ‘ಅವಿಭಾಜ್ಯ’ ಎನ್ನುವ ಮಾತಿಗೆ ಬೆಲೆ ಇಲ್ಲ.

ಹೆಜ್ಜೆ 8: ಎರಡು ವರ್ಗಗಳ ಮೊತ್ತ

ಅವಿಭಾಜ್ಯ ಅಂತ ಗೊತ್ತಾದ ಮೇಲೆ ಕತೆ ಮುಗಿಯಿತು ಎಂದುಕೊಳ್ಳಬೇಡಿ. 571201ನ್ನು 4ರಿಂದ ಭಾಗಿಸಿದರೆ ಶೇಷ 1. ಇಂಥ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ, ಒಂದೇ ಒಂದು ರೀತಿಯಲ್ಲಿ ಬರೆಯಬಹುದು. 1640ರ ಡಿಸೆಂಬರ್ 25ರಂದು ಫ್ರಾನ್ಸಿನ ಇನ್ನೊಬ್ಬ ಗಣಿತಜ್ಞ ಮೆರ್ಸೆನ್ ಅವರಿಗೆ ಬರೆದ ಪತ್ರದಲ್ಲಿ ಫರ್ಮಾ ಇದನ್ನು ಹೇಳಿದ್ದರು. ಸಾಧಿಸಿ ತೋರಿಸಿದ್ದು ನೂರು ವರ್ಷದ ಮೇಲೆ ಸ್ವಿಸ್ ಗಣಿತಜ್ಞ ಆಯ್ಲರ್.

ಆ ಎರಡು ವರ್ಗಗಳನ್ನು ಹುಡುಕುವುದು ಹೇಗೆ? ಯಾವ ವರ್ಗವನ್ನಾದರೂ 5ರಿಂದ ಭಾಗಿಸಿ, ಶೇಷ 0, 1 ಅಥವಾ 4 ಮಾತ್ರ. ನಮ್ಮ ಸಂಖ್ಯೆಗೆ ಶೇಷ 1. ಎರಡು ವರ್ಗ ಕೂಡಿ ಶೇಷ 1 ಬರಬೇಕಾದರೆ 0 ಮತ್ತು 1 ಕೂಡಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಒಂದು ಸಂಖ್ಯೆ 5ರ ಗುಣಕ ಆಗಿರಲೇಬೇಕು. 755ರಿಂದ ಐದೈದೇ ಇಳಿಯಿರಿ:

571201 − 755² = 1176. ಅಲ್ಲ.
571201 − 750² = 8701. ಅಲ್ಲ.
571201 − 745² = 16176. ಅಲ್ಲ.
571201 − 740² = 23601. ಅಲ್ಲ.
571201 − 735² = 30976. ಇದು 176ರ ವರ್ಗ!

571201 = 735² + 176². ಬೇರೆ ಜೋಡಿ ಇಲ್ಲ.

ಇದರಿಂದ ಒಂದು ತ್ರಿಭುಜವೂ ಸಿಗುತ್ತದೆ. 735² − 176² = 509249. 2 × 735 × 176 = 258720. ಈ ಎರಡು ಬಾಹುಗಳ ಲಂಬಕೋನ ತ್ರಿಭುಜ ಬರೆದರೆ ಅದರ ವಿಕರ್ಣ ಸರಿಯಾಗಿ 571201. ಪೈಥಾಗೊರಸ್ ಪ್ರಮೇಯದ ಪಾಠದಲ್ಲಿ 3, 4, 5 ಬರೆಯುವ ಮಕ್ಕಳಿಗೆ ಇದನ್ನು ಕೊಟ್ಟು ನೋಡಿ.

ಆಯ್ಲರ್ ಇದನ್ನೇ ತಿರುಗಿಸಿ ಅವಿಭಾಜ್ಯದ ಪರೀಕ್ಷೆಯಾಗಿ ಬಳಸಿದರು. 4ರಿಂದ ಭಾಗಿಸಿದಾಗ ಶೇಷ 1 ಬರುವ ಸಂಖ್ಯೆಗೆ ಇಂಥ ಜೋಡಿ ಒಂದೇ ಇದ್ದು, ಆ ಜೋಡಿಗೆ ಸಾಮಾನ್ಯ ಭಾಜಕ ಇಲ್ಲದಿದ್ದರೆ ಅದು ಅವಿಭಾಜ್ಯ. ಎರಡು ಜೋಡಿ ಸಿಕ್ಕರೆ ಸಂಯುಕ್ತ, ಅಂದರೆ ಒಡೆಯುವ ಸಂಖ್ಯೆ. 5ರಿಂದ 755ರವರೆಗೆ ಐದರ ಗುಣಕಗಳು 151. ಆ 151 ಕಳೆಯುವ ಲೆಕ್ಕ ಪೂರ್ತಿ ಮಾಡಿದರೆ ಭಾಗಾಕಾರವೇ ಇಲ್ಲದೆ ಮಡಿಕೇರಿ ಅವಿಭಾಜ್ಯ ಅಂತ ಇನ್ನೊಂದು ಸಾಕ್ಷಿ ಸಿಗುತ್ತದೆ.

ತಾಳೆ ನೋಡುವುದು

ಗುಣಿಸಿ ನೋಡುವುದೇ ನಿಜವಾದ ಪರೀಕ್ಷೆ. ಬೇಗ ನೋಡಬೇಕಿದ್ದರೆ ಅಂಕಿಗಳನ್ನು ಕೂಡುತ್ತ ಒಂದಂಕಿಗೆ ಇಳಿಸಿ. 739 ಕೂಡಿದರೆ 19, ಮತ್ತೆ 10, ಮತ್ತೆ 1. 773 ಕೂಡಿದರೆ 17, ಮತ್ತೆ 8. 1 × 8 = 8. ಅತ್ತ 571247 ಕೂಡಿದರೆ 26, ಮತ್ತೆ 8. ಹೊಂದಿತು. ಹೊಂದದಿದ್ದರೆ ಲೆಕ್ಕ ಖಂಡಿತ ತಪ್ಪು. ಹೊಂದಿದ ಮಾತ್ರಕ್ಕೆ ಖಂಡಿತ ಸರಿ ಎನ್ನುವಂತಿಲ್ಲ, ಎರಡು ಅಂಕಿ ಅದಲುಬದಲಾದರೆ ಇದಕ್ಕೆ ಗೊತ್ತಾಗುವುದಿಲ್ಲ. ಕೊನೆಗೆ ಲಿನಕ್ಸ್ ಇರುವ ಕಂಪ್ಯೂಟರ್ ಸಿಕ್ಕರೆ ಫ್ಯಾಕ್ಟರ್ ಎಂಬ ಆದೇಶ ಕೊಟ್ಟು ನೋಡಬಹುದು. ಮೊದಲೇ ನೋಡಬೇಡಿ, ರುಚಿ ಹೋಗುತ್ತದೆ.

ಇನ್ನೂ ದೊಡ್ಡ ಸಂಖ್ಯೆಗಳಿಗೆ

ನಿಮ್ಮ ಮೊಬೈಲ್ ನಂಬರ್ ಹತ್ತಂಕಿ. ಅದರ ವರ್ಗಮೂಲ ಒಂದು ಲಕ್ಷದ ಒಳಗೆ ಬರುತ್ತದೆ. ಒಂದು ಲಕ್ಷದ ಒಳಗೆ 9592 ಅವಿಭಾಜ್ಯಗಳಿವೆ. ಕೈಯಲ್ಲಿ ಆಗದ ಮಾತು, ಆದರೆ ಫೋನಿಗೆ ಕಣ್ಣು ಮಿಟುಕಿಸುವ ಕೆಲಸ. ಅಂಕಿಗಳು ನೂರಾರು ಆದರೆ ಕಂಪ್ಯೂಟರಿಗೂ ಕಷ್ಟ. ಆ ಕಷ್ಟವನ್ನೇ ನಂಬಿ 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಮೂವರು ಸೇರಿ ಆರ್‌ಎಸ್‌ಎ ಎಂಬ ಗುಪ್ತ ಬರಹದ ಪದ್ಧತಿ ಮಾಡಿದರು. ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸಿ ಬಂದ ಸಂಖ್ಯೆಯೇ ಅಲ್ಲಿ ಬೀಗ. ಈಗ ಸಾಮಾನ್ಯವಾಗಿ ಬಳಸುವ 2048 ಬಿಟ್‌ನ ಬೀಗ 617 ಅಂಕಿಗಳದ್ದು. ಆ ಎರಡು ಅವಿಭಾಜ್ಯಗಳು ತೀರ ಹತ್ತಿರ ಇರಬಾರದು ಎಂಬ ನಿಯಮವೂ ಇದೆ. ಯಾಕೆ ಅಂತ ಭಾಗಮಂಡಲದಲ್ಲಿ ನೋಡಿದಿರಿ: ಹತ್ತಿರ ಇದ್ದರೆ ಒಂದು ಕಳೆಯುವ ಲೆಕ್ಕಕ್ಕೇ ಬೀಗ ಕಳಚಿಕೊಳ್ಳುತ್ತದೆ.

ಇನ್ನು ನಿಮ್ಮ ಸರದಿ. ಸುಂಟಿಕೊಪ್ಪ 571237, ಸಿದ್ದಾಪುರ 571253. ಎರಡೂ ಅವಿಭಾಜ್ಯ ಅಲ್ಲ. ಮೂರನೇ ಹೆಜ್ಜೆಯಲ್ಲಿ ಕೊಟ್ಟ ಶೇಷಗಳ ಸಾಲಿನಲ್ಲೇ ಎರಡಕ್ಕೂ ಒಂದೊಂದು ಭಾಜಕ ಸಿಗುತ್ತದೆ. 37 ಮತ್ತು 53ನ್ನು ಆ ಶೇಷಗಳಿಗೆ ಕೂಡುತ್ತ ಹೋಗಿ. ಮೊತ್ತ ಅವಿಭಾಜ್ಯಕ್ಕೆ ಸಮ ಆಗದೆ ಅದರ ಎರಡರಷ್ಟು ಆದರೂ ಭಾಗವಾದಂತೆಯೇ.